ಟ್ವೇಟ್ ಸುಧಾರಿತ

“ಅಂಗಡಿ ತೋಟಾಕ್ಕೆ ಏನಾಗಿದೆ ಅಂತ ಕೇಳ್ತೀಯಲ್ಲ ಮಾರ್ಲಿಸ್, ಅದಕ್ಕೇನೂ ಆಗಿಲ್ಲ. ಅದೇ ಅದರ ತೊಂದರೆ. ಯಾರು ಬೇಕಾದ್ರೂ ದುಡ್ಡು ಕೊಟ್ಟು ತಂದು ಹೊಡೀಬಹುದು. ಅದರಲ್ಲಿ ಮರ್ಯಾದೆ ಎಲ್ಲಿ ಬಂತು?”

ಹೀಗೆ ಗೊಣಗುತ್ತಾ ಆರ್ಲೆನ್ ಟ್ವೇಟ್ ಪಿಕಪ್ಪಿನಲ್ಲಿ ಕೋವಿ ಇಟ್ಟ. ಹೆಂಡತಿ ಮಾರ್ಲಿಸ್ ಕಾಫಿ ಫ್ಲಾಸ್ಕು ಕೈಗಿಟ್ಟು ಒಳಗೆ ಹೋದಳು.

ಮೊಂಟಾನಾದ ಸೇಜ್ ಕ್ರೀಕ್ ರೈಫಲ್ ಕ್ಲಬ್ಬಿನಲ್ಲಿ ಅಂಗಡಿ ತೋಟಾ ಹೊಡೆಯುವವರನ್ನು ಯಾರೂ ಬೈಯುತ್ತಿರಲಿಲ್ಲ. ಕುರ್ಚಿ ಹಾಕಿ, ತಿನ್ನಲು ಸಿಹಿ ಪೈ ಕೊಟ್ಟು, ಅವರ ಹತ್ತಿರ ಗಾಳಿ ಮಳೆ ವಿಚಾರ ಮಾತಾಡುತ್ತಿದ್ದರು. ತೋಟಾದ ವಿಚಾರ ಮಾತ್ರ ಎತ್ತುತ್ತಿರಲಿಲ್ಲ. ಮಾನವಂತರೆಲ್ಲ ಹೊಡೆಯುತ್ತಿದ್ದದ್ದು ‘ಕಾಡುಬೆಕ್ಕು’. ಯಾವ ಕಂಪನಿಯೂ ಮಾಡದ, ಮನೆಯಲ್ಲೇ ಹುಟ್ಟಿಸಿದ ತೋಟಾಕ್ಕೆ ಆ ಹೆಸರು. ಕಾಡುಬೆಕ್ಕುಗಳಲ್ಲೇ ಸಭ್ಯವಾದ ಜಾತಿ ‘ಸುಧಾರಿತ’. ಅಂಗಡಿ ತೋಟಾದ ಹಿತ್ತಾಳೆ ಚಿಪ್ಪಿಗೆ ಇಳಿಜಾರು ಭುಜ ಇರುತ್ತದಲ್ಲ, ಅದನ್ನು ಒಂದಿಷ್ಟು ಮೇಲೆತ್ತಿದರೆ ಒಳಗೆ ಒಂದು ಚಿಟಿಕೆ ಮದ್ದು ಹೆಚ್ಚು ಹಿಡಿಯುತ್ತದೆ. ಆ ಚಿಟಿಕೆಗಾಗಿ ಅಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದುಂಟು.

ಸುಧಾರಣೆಯ ಕ್ರಮ ಹೀಗೆ. ಮೊದಲು ನಳಿಗೆಯಲ್ಲಿ ತೋಟಾ ಕೂರುವ ಗೂಡನ್ನು ಹೊಸ ಆಕಾರಕ್ಕೆ ಕೊರೆಸಬೇಕು. ಆಮೇಲೆ ಅದರಲ್ಲಿ ಅಂಗಡಿ ತೋಟಾ ಇಟ್ಟು ಸುಮ್ಮನೆ ಒಂದು ಸಲ ಹಾರಿಸಬೇಕು. ಒತ್ತಡಕ್ಕೆ ಚಿಪ್ಪು ಉಬ್ಬಿ ಹೊಸ ಆಕಾರದಲ್ಲಿ ಹೊರಗೆ ಬೀಳುತ್ತದೆ. ಆ ಖಾಲಿ ಚಿಪ್ಪಿಗೆ ಮನೆಯಲ್ಲಿ ಮತ್ತೆ ಮದ್ದು ತುಂಬಿ ಗುಂಡು ಕೂರಿಸಿದರೆ ಅದು ಸುಧಾರಿತ. ಮೊದಲ ಸಲ ಹಾರಿದ ಗುಂಡು ಎಲ್ಲಿಗೆ ಹೋಯಿತು ಅಂತ ನೋಡುವ ಸಂಪ್ರದಾಯ ಇಲ್ಲ.

ಗೂಡು ಕೊರೆಯುವ ಯಂತ್ರ ಇದ್ದದ್ದು ಕ್ಲಬ್ಬಿನ ಅಧ್ಯಕ್ಷ ಡೆಲ್ಬರ್ಟ್ ಕ್ರೂಸ್‌ನ ಶೆಡ್ಡಿನಲ್ಲಿ ಮಾತ್ರ. ಸುಧಾರಣೆಯ ಬಗ್ಗೆ ಅವನಿಗೆ ಅಪಾರ ಗೌರವ.

ಆರ್ಲೆನ್ ನಾಲ್ಕು ಚಳಿಗಾಲ ನೆಲಮಾಳಿಗೆಯಲ್ಲಿ ಕೂತು ‘ಟ್ವೇಟ್ ಸುಧಾರಿತ’ವನ್ನು ತಯಾರು ಮಾಡಿದ್ದ. ವಾರ್ಷಿಕ ಸುಧಾರಿತ ತೋಟಾ ಸ್ಪರ್ಧೆಯಲ್ಲಿ ಗೆದ್ದ ತೋಟಾದ ಹೆಸರನ್ನು ಕ್ಲಬ್ಬಿನ ಬಾಗಿಲ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. ಸದ್ಯ ಅಲ್ಲಿದ್ದದ್ದು ‘ಗಿಲ್ರಾಯ್ ಸುಧಾರಿತ’. ಅದರ ಕೆಳಗೆ ಹಾದುಹೋಗುವಾಗಲೆಲ್ಲ ಆರ್ಲೆನ್ ತನ್ನ ಶೂ ನೋಡಿಕೊಳ್ಳುತ್ತಿದ್ದ.

ಈ ಸಲದ ಸ್ಪರ್ಧೆಯಲ್ಲಿ ಆ ಗಿಲ್ರಾಯ್ ಪಕ್ಕದ ಮೇಜಿನಲ್ಲೇ ಕೂತಿದ್ದ.

“ನಿನ್ನ ತೋಟಾದ ಭುಜ ಯಾಕೋ ಜೋತುಬಿದ್ದ ಹಾಗಿದೆಯಲ್ಲೋ ಆರ್ಲೆನ್.”

“ನಿನ್ನ ಭುಜಕ್ಕಿಂತ ವಾಸಿ ಬಿಡಯ್ಯ.”

“ನಂದು ನಿಂದಕ್ಕಿಂತ ಜೋರಾಗಿ ಹೋಗುತ್ತೆ ಕಣೋ.”

“ಹೋಗುತ್ತೆ, ಇಲ್ಲ ಅಂದೋರ್ಯಾರು? ಎಲ್ಲಿಗೆ ಅಂತ ಅದಕ್ಕೇ ಗೊತ್ತಿಲ್ಲ.”

ಆರ್ಲೆನ್ ಹೊಡೆದ. ಗುರಿಹಲಗೆ ತಂದು ನೋಡಿದರೆ ಗುಂಡುಗಳೆಲ್ಲ ಒಂದರ ಬೆನ್ನಿಗೊಂದು ಒಂದೇ ತೂತಿನಲ್ಲಿ ಹೋಗಿದ್ದವು. ಗಿಲ್ರಾಯ್ ಹಲಗೆಯನ್ನು ತಿರುಗಿಸಿ ಹಿಂದುಗಡೆಯಿಂದಲೂ ನೋಡಿದ. ಅಲ್ಲೂ ಒಂದೇ ತೂತು.

ಪದ್ಧತಿಯಂತೆ ಡೆಲ್ಬರ್ಟ್ ಪರಿಶೀಲನೆಗೆ ಮಿಕ್ಕ ತೋಟಾ ಒಂದನ್ನು ಕೇಳಿದ. ಡಬ್ಬಿಯಿಂದ ಒಂದನ್ನು ತೆಗೆದ ಆರ್ಲೆನ್ ಅದರ ಭುಜ ಸವರಿ ನೋಡಿದ. ಅದು ಅಂಗಡಿ ತೋಟಾ. ಉಬ್ಬಿಸಲೆಂದು ತಂದಿಟ್ಟಿದ್ದ ಡಬ್ಬಿಯನ್ನೇ ಎತ್ತಿಕೊಂಡು ಬಂದಿದ್ದ. ಎರಡೂ ಡಬ್ಬಿ ನೀಲಿ. ಚೆಂದ ಕಾಣಲಿ ಅಂತ ಅವನೇ ಜೋಡಿಸಿ ತಂದದ್ದು. ಸುಧಾರಿತವೆಲ್ಲ ನೆಲಮಾಳಿಗೆಯಲ್ಲಿ ಭದ್ರವಾಗಿದ್ದವು.

ಡೆಲ್ಬರ್ಟ್ ತೋಟಾ ನೋಡಿದ, ಹಲಗೆ ನೋಡಿದ, ಸುತ್ತ ನಿಂತವರ ಕೋವಿಗಳನ್ನು ನೋಡಿದ. ಎಲ್ಲವೂ ಅವನೇ ದುಡ್ಡು ತಗೊಂಡು ಕೊರೆದದ್ದು. ಹೋಗಿ ಒಂದು ಬಟ್ಟಲು ಮಾಂಸದ ಚಿಲಿ ಸಾರು ತಿಂದು ಬಂದು ಮೈಕು ಹಿಡಿದ.

“ಸದಸ್ಯರ ಗಮನಕ್ಕೆ. ಸ್ಪರ್ಧೆಯ ತೋಟಾ ಸುಧಾರಿತವಾಗಿರತಕ್ಕದ್ದು ಎಂದು ನಿಯಮವಿದೆ. ಯಾವಾಗ ಎಂದು ನಿಯಮವು ಹೇಳುವುದಿಲ್ಲ. ಸದರಿ ತೋಟಾಗಳು ನಳಿಗೆಯನ್ನು ಪ್ರವೇಶಿಸುವಾಗ ಸಾಮಾನ್ಯವಾಗಿದ್ದು, ನಿರ್ಗಮಿಸುವಾಗ ಸುಧಾರಿತವಾಗಿದ್ದುದು ಖಾಲಿ ಚಿಪ್ಪುಗಳಿಂದ ದೃಢಪಟ್ಟಿದೆ. ಉಳಿದವರು ಮನೆಯಲ್ಲಿ ಗುಟ್ಟಾಗಿ ಸುಧಾರಿಸಿ ತಂದಿರುತ್ತಾರೆ. ಶ್ರೀ ಟ್ವೇಟ್ ಅವರ ಸುಧಾರಣೆಯು ಸಮಿತಿಯ ಸಮಕ್ಷಮದಲ್ಲೇ ಜರುಗಿದೆ.”

“ಅದು ಅಂಗಡೀದು ಕಣಯ್ಯ ಡೆಲ್ಬರ್ಟ್,” ಅಂದ ಗಿಲ್ರಾಯ್.

ಡೆಲ್ಬರ್ಟ್ ಮೈಕಿಗೆ ಕೈ ಅಡ್ಡ ಹಿಡಿದ. “ಅಂಗಡೀದೇ ಚೆನ್ನಾಗಿ ಬೀಳುತ್ತೆ ಅಂತ ಇದರಲ್ಲಿ ಹೇಳ್ಲಾ? ನೀನು ಮೂರು ಸಲ ಗೂಡು ಕೊರೆಸಿದ್ದು ಯಾಕೆ ಅಂತಾನೂ ಹೇಳ್ಲಾ? ನಿನ್ನ ಹೆಂಡತಿ ಅಲ್ಲೇ ಕೂತಿದಾಳೆ.”

ಗಿಲ್ರಾಯ್ ಆಕ್ಷೇಪಣೆ ವಾಪಸು ತಗೊಂಡ. ಸ್ವಲ್ಪ ಹೊತ್ತು ಬಿಟ್ಟು ಆರ್ಲೆನ್ ಕಿವಿಯಲ್ಲಿ ಕೇಳಿದ, “ಯಾವ ಅಂಗಡಿ?”

ಮುಂದಿನ ವರ್ಷದಿಂದ ಎಲ್ಲರೂ ಅಂಗಡಿ ತೋಟಾವನ್ನೇ ತರತಕ್ಕದ್ದು, ಕೊರೆಸಿದ ಕೋವಿಯಲ್ಲೇ ಹಾರಿಸತಕ್ಕದ್ದು, ಮೊದಲೇ ಸುಧಾರಿಸಿ ತಂದರೆ ಅಕಾಲಿಕ ಸುಧಾರಣೆಯೆಂದು ಹೊರಹಾಕತಕ್ಕದ್ದು ಎಂದು ಕೂಡಲೇ ತೀರ್ಮಾನವಾಯಿತು. ಎಲ್ಲರೂ ಕೈಯೆತ್ತಿದರು. ಹೊಸ ಗೂಡಿಗಾಗಿ ಡೆಲ್ಬರ್ಟ್‌ನ ಶೆಡ್ಡಿನ ಮುಂದೆ ಅವತ್ತೇ ನಾಲ್ಕಾರು ಪಿಕಪ್ಪು ನಿಂತವು. ಬಾಗಿಲ ಮೇಲೆ ‘ಟ್ವೇಟ್ ಸುಧಾರಿತ’ ಅಂತ ಬರೆಯುವಾಗ ಏಣಿ ಹಿಡಿದುಕೊಂಡವನು ಗಿಲ್ರಾಯ್.

ಸಂಜೆ ಆರ್ಲೆನ್ ಒಂದನ್ನೂ ಬಿಡದೆ ಮಾರ್ಲಿಸ್‌ಗೆ ಹೇಳಿದ. ಅವಳು ಆಲೂಗಡ್ಡೆ ಸುಲಿಯುತ್ತಲೇ ಕೇಳಿಸಿಕೊಂಡಳು.

“ಅಂದ್ರೆ ಗೆದ್ದಿದ್ದು ಅಂಗಡಿ ತೋಟಾ.”

“ನನ್ನ ಕೋವೀಲಿ,” ಅಂದ ಆರ್ಲೆನ್.

“ಅಲ್ಲ, ನಾಲ್ಕು ಚಳಿಗಾಲ ನೆಲಮಾಳಿಗೇಲಿ ನೀನು ತೋಟಾ ಸುಧಾರಿಸ್ತಾ ಇದ್ದೀಯ ಅಂದ್ಕೊಂಡು, ಬಾಗಿಲ ಮುಂದಿನ ಹಿಮ ಎಲ್ಲ ನಾನೇ ಬಳಿದು ಹಾಕಿದೆ,” ಅಂದಳು ಮಾರ್ಲಿಸ್. “ಕೂತು ಸುಧಾರಿಸ್ಕೊಳ್ತಾ ಇದ್ದೆ ಅನ್ನು.”