ಮಾಮಾನ ಜೊತೆ ಸರೋವರಕ್ಕೆ

ನಮ್ಮ ಮಾಮಾ ಹಿಮಾಲಯದ ದರ್ಶನ ಮಾಡಿ ಬಂದರು ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ದರ್ಶನವಾದದ್ದು ಹಿಮಾಲಯಕ್ಕೆ! ಇದು ನನ್ನ ಮಾತಲ್ಲ, ಅವರದೇ. ಊರಿಗೆ ಮರಳಿದ ಮೇಲೆ ಅಂಗಡಿಗೆ ಬಂದವರಿಗೆಲ್ಲ "ಪಾಪ, ಎಷ್ಟ್ ವರ್ಷದಿಂದ ನಿಂತು ಹಾದಿ ಕಾಯಾಕತ್ತಿತ್ತೋ ಏನೋ. ಒಮ್ಮೆ ಹೋಗಿ ಮಾರಿ ತೋರ್ಸಿ ಬಂದೆ" ಎಂದು ಹೇಳುತ್ತಿದ್ದರು.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ವಯಸ್ಸು ಅರವತ್ತೆರಡು. ಶಹಾಪುರದಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟುಕೊಂಡಿದ್ದಾರೆ. ಜಗತ್ತಿನ ಯಾವ ವಿಷಯವೇ ಇರಲಿ, ಅದನ್ನು ಮೋಟಾರಿನ ಮೂಲಕವೇ ಅರ್ಥ ಮಾಡಿಕೊಳ್ಳಬೇಕು. ಒಮ್ಮೆ ನಮ್ಮ ಸಂಬಂಧಿಕರ ಮಗಳಿಗೆ ವರ ನೋಡಲು ರಂಗಂಪೇಟೆಗೆ ಹೋಗಿದ್ದರು. ತಟ್ಟೆಯ ತುಂಬ ಉಪ್ಪಿಟ್ಟು ತಿಂದು, ಎದ್ದು ಹೊರಗೆ ಬಂದು, "ಬಾಡಿ ಗಟ್ಟಿ ಅದ. ಒಳಗಿನ ವೈಂಡಿಂಗ್ ಮಾತ್ರ ಸುಮಾರು" ಎಂದರು. ಹೊರಗೆ ಬಂದೆನೆಂದು ಅವರು ತಿಳಿದಿದ್ದರು, ಅಷ್ಟೆ. ಇನ್ನೂ ಪಡಸಾಲೆಯಲ್ಲೇ ಇದ್ದರು!

ಇವರಿಗೆ ಇನ್ನೊಂದು ಹುಚ್ಚು ಎಂದರೆ ನಡಿಗೆ. ಪ್ರತಿ ವರ್ಷ ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ. ಶ್ರೀಶೈಲದ ಹಾದಿಯ ನಿಯಮಗಳು ಭೂಮಿಯ ಮೇಲಿನ ಎಲ್ಲ ಹಾದಿಗಳಿಗೂ ಅನ್ವಯವಾಗುತ್ತವೆ ಎಂಬುದು ಅವರ ಗಟ್ಟಿ ನಂಬಿಕೆ. ಮುಂದೆ ನಡೆದ ಅನಾಹುತಗಳಿಗೆಲ್ಲ ಈ ನಂಬಿಕೆಯೇ ಕಾರಣ.

ಇಂಥವರ ಜೊತೆ ನಾನೇಕೆ ಹೊರಟೆ? ಅದನ್ನು ಹೇಳಲೇಬೇಕು. ನಾನು ಯಾದಗಿರಿಯಲ್ಲಿ ಶಾಲಾ ಶಿಕ್ಷಕಿ. ಎರಡು ವರ್ಷದ ಹಿಂದೆ ಮುದನಾಳದ ಹತ್ತಿರ ಸ್ಕೂಟರಿನಿಂದ ಬಿದ್ದು ಎಡಗಾಲು ಮುರಿಯಿತು. ಒಳಗೆ ರಾಡು ಹಾಕಿದರು. ಎಲುಬು ಕೂಡಿದೆ, ಇನ್ನು ಧಾರಾಳವಾಗಿ ನಡೆಯಿರಿ ಎಂದು ಡಾಕ್ಟರು ಹೇಳಿ ಎಷ್ಟೋ ಕಾಲವಾಗಿತ್ತು. ನನಗೆ ಮಾತ್ರ ಆ ಕಾಲಿನ ಮೇಲೆ ಭಾರ ಹಾಕಲು ಧೈರ್ಯವೇ ಬರುತ್ತಿರಲಿಲ್ಲ. ಮೆಟ್ಟಿಲು ಹತ್ತಲಾರೆನೆಂದು ನನ್ನ ತರಗತಿಯನ್ನೇ ಕೆಳಗೆ ಹಾಕಿಸಿಕೊಂಡಿದ್ದೆ. ಎರಡು ಓಣಿ ಆಚೆಯ ಕಿರಾಣಿ ಅಂಗಡಿಗೂ ಆಟೋ! ಎಲ್ಲರೂ "ಪಾಪ" ಎನ್ನುತ್ತಿದ್ದರು. ಆ ಪಾಪ ನನಗೆ ಹಿತವಾಗಿಯೇ ಇತ್ತು ಎಂಬುದನ್ನೂ ಒಪ್ಪಿಕೊಂಡುಬಿಡುತ್ತೇನೆ. ಮಾಮಾ ಒಬ್ಬರೇ ಹಾಗೆ ಅನ್ನದವರು.

"ಮೋಟಾರ್ ರಿಪೇರಿ ಆಗಿ ಯಾವ ಕಾಲ ಆತು. ಇಕಿ ಸ್ವಿಚ್ಚೇ ಹಾಕವಲ್ಲಳು" ಎಂದು ನಮ್ಮವ್ವನ ಎದುರಿಗೇ ಅಂದರು. ಮರುವಾರ ಬಂದು ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಹಿಮದ ಬೆಟ್ಟಗಳ ನಡುವೆ ಒಂದು ನೀಲಿ ಸರೋವರ. ಗೈಡುಗಳ ಜೊತೆ ಆರು ದಿನದ ನಡಿಗೆ. ಇಬ್ಬರ ಹೆಸರನ್ನೂ ಬರೆಸಿಯಾಗಿತ್ತು!

"ಮಾಮಾ, ನಾ ಅಲ್ಲಿ ತನಕ ಮುಟ್ಟಂಗಿಲ್ರಿ."

"ಮುಟ್ಟಲಿಲ್ಲಂದ್ರ ಅಲ್ಲಿಂದ ಹೊಳ್ಳಿ ಬರೋಣು. ಕುಂತಲ್ಲಿಂದೇ ಹೊಳ್ಳಿದ್ರ ಹೆಂಗವ್ವಾ?"



ರವಿವಾರಗಳಲ್ಲಿ ಶಹಾಪುರದ ಗುಡ್ಡ ಹತ್ತಿಸಲು ಶುರು ಮಾಡಿದರು. ಮೊದಲ ದಿನ ಹತ್ತು ಮೆಟ್ಟಿಲು ಹತ್ತಿ ನಾನು ಅತ್ತೆ. ಅವರು ಪಕ್ಕದಲ್ಲಿ ಕುಳಿತು ಶೇಂಗಾ ತಿಂದರು. ಮರುವಾರ ಇಪ್ಪತ್ತು ಮೆಟ್ಟಿಲು, ಮತ್ತೆ ಅಳು, ಮತ್ತೆ ಶೇಂಗಾ. ಅಂತೂ ನನ್ನ ಅಳು ನಿಲ್ಲುವ ಹೊತ್ತಿಗೆ ಅವರಿಗೆ ಪಿತ್ತವಾಗಿತ್ತು.

ಇನ್ನು ಚಳಿಯ ಅಭ್ಯಾಸ. ಸುಡುಸುಡು ಮೇ ತಿಂಗಳಿನಲ್ಲಿ ನಮ್ಮ ಕಡೆ ಚಳಿಯನ್ನು ಎಲ್ಲಿಂದ ತರುವುದು? ಮಾಮಾ ಸ್ವೆಟರು ತೊಟ್ಟು, ಮಂಕಿ ಟೋಪಿ ಹಾಕಿಕೊಂಡು ನೇರ ಬರ್ಫದ ಫ್ಯಾಕ್ಟರಿಗೆ ಹೋಗಿ, ಮಂಜುಗಡ್ಡೆಗಳ ನಡುವೆ ಸ್ಟೂಲ್ ಹಾಕಿಕೊಂಡು ಕುಳಿತರು. ಫ್ಯಾಕ್ಟರಿಯ ಮಾಲೀಕರು ಅವರ ಹಳೆಯ ದೋಸ್ತ್. ಬಾಗಿಲಲ್ಲಿ ನಿಂತು ತಲೆ ಚಚ್ಚಿಕೊಂಡರು.

"ಅರೇ ಭಾಯ್, ಇಲ್ಲಿ ಮಂದಿ ಮೀನು ಇಡಾಕ ಬರ್ತಾರ. ನೀವು ನಿಮ್ಮನ್ನೇ ತಂದು ಇಟ್ಟೀರಿ!"

"ಇರ್ಲಿ ಬಿಡ್ರಿ, ಕೆಡಂಗಿಲ್ಲ" ಎಂದರು ಮಾಮಾ, ಹಲ್ಲು ಕಟಕಟಿಸುತ್ತಾ.

ಹೊರಡುವಾಗ ಗೈಡು ಕಳಿಸಿದ ಸಾಮಾನಿನ ಪಟ್ಟಿಯನ್ನು ಓದಿ, ಮಡಚಿ, ಕಿಸೆಯಲ್ಲಿ ಇಟ್ಟುಕೊಂಡರು. ಅವರ ಚೀಲದಲ್ಲಿ ಇದ್ದದ್ದು ಅರವತ್ತು ಕಟಕ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳು ಮತ್ತು ಒಂದು ಟೆಸ್ಟರ್. ಬೆಟ್ಟದಲ್ಲಿ ಕರೆಂಟೇ ಇಲ್ಲ ಎಂದೆ. "ಇಲ್ಲ ಅನ್ನೋದನ್ನ ನೋಡಾಕರ ಟೆಸ್ಟರ್ ಬೇಕಲ್ಲ" ಎಂದರು.

ನಡಿಗೆಯ ಎರಡನೆಯ ದಿನದ ಡೇರೆಗಳು ಒಂದು ಹಳ್ಳದ ದಂಡೆಯಲ್ಲಿದ್ದವು. ಮಧ್ಯಾಹ್ನ ಊಟದ ಹೊತ್ತಿಗೆ ಮಾಮಾ ನಾಪತ್ತೆ! ಗೈಡು ಸಿಳ್ಳೆ ಊದಿದ, ಹೆಸರು ಹಿಡಿದು ಕೂಗಿದ, ಹಳ್ಳದ ಕಡೆ ಓಡಿದ. ಕೊನೆಗೆ ಅವರು ಸಿಕ್ಕಿದ್ದು ಬೇರೊಂದು ತಂಡದ ಅಡಿಗೆಯ ಡೇರೆಯಲ್ಲಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಎರಡನೆಯ ಸಲ ಖಿಚಡಿ ಹಾಕಿಸಿಕೊಳ್ಳುತ್ತಿದ್ದರು. ಆ ತಂಡದವರು ತಟ್ಟೆ ಹಿಡಿದುಕೊಂಡು, ಇವರಾರು ಎಂದು ಕೇಳಲು ಸಂಕೋಚಪಟ್ಟು ಸಾಲಾಗಿ ನಿಂತಿದ್ದರು.

"ಮಾಮಾ, ಇದು ನಮ್ಮ ಡೇರೆ ಅಲ್ರಿ!"

"ದಾಸೋಹಕ್ಕ ನಮ್ದು ನಿಮ್ದು ಅಂತ ಇರ್ತದೇನು? ಬಾ, ಕೂಡು. ಭಾಳ ಚಲೋ ಮಾಡ್ಯಾರ."

ಶ್ರೀಶೈಲದ ಹಾದಿಯಲ್ಲಿ ಎಲ್ಲಿ ಪೆಂಡಾಲು ಕಂಡರೂ ಅಲ್ಲಿ ಅನ್ನ ಇಡುತ್ತಾರೆ, ಕುಳಿತು ಉಣ್ಣುವುದಷ್ಟೇ ಯಾತ್ರಿಕರ ಕೆಲಸ. ಡೇರೆ ಕಂಡಿತು, ಮಾಮಾ ಕುಳಿತರು! ನಾನು ನಾಚಿಕೆಯಿಂದ ಕುಗ್ಗಿಹೋದೆ. ಅವರು ಮಾತ್ರ ಕೈತೊಳೆದು ನಮ್ಮ ಡೇರೆಗೆ ಹೋಗಿ, ರೊಟ್ಟಿ ಹಿಂಡಿ ತಂದು ಆ ತಂಡದವರಿಗೆಲ್ಲ ತಾವೇ ಬಡಿಸಿದರು. ಮರುದಿನ ನಾವು ಊಟಕ್ಕೆ ಕುಳಿತಾಗ ಆ ತಂಡದ ಏಳು ಜನ ಬಂದು ನಮ್ಮ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿದರು. ಗೈಡು ಕೈಮುಗಿದ. ಯಾರಿಗೆ ಎಂದು ಗೊತ್ತಾಗಲಿಲ್ಲ.

ಅದೇ ಮಧ್ಯಾಹ್ನ ಇನ್ನೊಂದು ಪ್ರಸಂಗ. ಗಟ್ಟಿಗರು ಮುಂದೆ, ನಿಧಾನದವರು ಹಿಂದೆ ಎಂಬುದು ಗೈಡಿನ ಪದ್ಧತಿ. ಹಾಗಾಗಿ ಮೊದಲ ದಿನದಿಂದ ನಾನು ಎಲ್ಲರಿಗಿಂತ ಹಿಂದೆ, ನನ್ನ ಜೊತೆಗೆ ಮಾಮಾ. ಮುಂದಿನವರು ಕಣ್ಣಿಗೂ ಕಾಣುತ್ತಿರಲಿಲ್ಲ. ಹೊರಡುವ ಹೊತ್ತಿಗೆ ಮಾಮಾ ಹೋಗಿ ಹಾದಿಗೆ ಅಡ್ಡ ಕುಳಿತುಬಿಟ್ಟರು.

"ಕಾಲು ಸೋತವರು ಮುಂದ, ಉಳಿದವರು ಅವರ ಹಿಂದ. ನಮ್ಮಲ್ಲಿ ಹಂಗ ನಡೀತಾರ. ಹಿಂದಿನವರನ್ನ ಬಿಟ್ಟು ಹೋದ್ರ ದೇವರು ಬಾಗಿಲಾ ತೆಗಿಯಂಗಿಲ್ಲ" ಎಂದು ತಮ್ಮ ಹೈದರಾಬಾದಿ ಹಿಂದಿಯಲ್ಲಿ ಭಾಷಣ ಮಾಡಿದರು.

ಗೈಡು ನಲವತ್ತು ದಾಟಿದ ಸಮಾಧಾನದ ಮನುಷ್ಯ. "ಮೇಲೆ ಬಾಗಿಲಿಲ್ಲ ಅಂಕಲ್, ಬರೀ ಸರೋವರ" ಎಂದ.

"ಹಂಗಾರ ಇನ್ನೂ ಚಲೋ. ಅವಸರ ಯಾತಕ್ಕ?"

ಹಾದಿ ಕಿರಿದು, ಮಾಮಾ ಅಗಲ. ಗೈಡು ಸೋತ. ನಾನು ಮುಂದೆ, ನನ್ನ ಹಿಂದೆ ಹದಿನಾಲ್ಕು ಜನ! ಮೊದಲ ಒಂದು ತಾಸು ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಮೇಲೆ ಹಿಂದಿನವರು ಹರಟೆ ಹೊಡೆಯುತ್ತಾ, ಹೂವಿನ ಫೋಟೋ ತೆಗೆಯುತ್ತಾ ಬರುತ್ತಿರುವುದು ಕೇಳಿಸಿತು. ಯಾರೂ ಬೈದುಕೊಳ್ಳುತ್ತಿರಲಿಲ್ಲ. ಕಾಲಿನ ಬಗ್ಗೆ ಯೋಚಿಸದೆ ಎಷ್ಟು ದೂರ ನಡೆದೆ ಎಂಬುದು ಡೇರೆ ಕಂಡ ಮೇಲೆಯೇ ನನಗೆ ಗೊತ್ತಾದದ್ದು.

ಕೊನೆಯ ಡೇರೆ ಸರೋವರಕ್ಕೆ ಅರ್ಧ ದಿನದ ಕೆಳಗೆ. ಅಲ್ಲಿ ಎಲ್ಲರ ಬೆರಳಿಗೂ ಆಕ್ಸಿಜನ್ ನೋಡುವ ಕ್ಲಿಪ್ ಹಾಕಿದರು. ನನ್ನದು ಸರಿಯಿತ್ತು. ಮಾಮಾನದು ಇರಲಿಲ್ಲ! ಮೂರು ಸಲ ನೋಡಿದರೂ ಅದೇ ಕಡಿಮೆ. ತಲೆನೋವು ಇದೆ ಎಂಬುದನ್ನು ಬೆಳಿಗ್ಗೆಯಿಂದ ಮುಚ್ಚಿಟ್ಟಿದ್ದು ಆಗ ಹೊರಬಿತ್ತು.

"ಮಷಿನ್ ಕೆಟ್ಟದ" ಎಂದು ಟೆಸ್ಟರ್ ತೆಗೆದರು. ಕ್ಲಿಪ್ಪನ್ನು ಅಡಿಗೆಯವನ ಬೆರಳಿಗೆ ಹಾಕಿ ನೋಡಿದರು, ಸರಿ ತೋರಿಸಿತು. ಸಾಮಾನು ಹೊರುವ ಹೇಸರಗತ್ತೆಯ ಕಿವಿಗೂ ಸಿಕ್ಕಿಸಿದರು. ಅದು ಏನು ತೋರಿಸಿತೆಂದು ಇವತ್ತಿನವರೆಗೂ ಬಾಯಿಬಿಟ್ಟಿಲ್ಲ. ಗೈಡು ಈ ಸಲ ಸೋಲಲಿಲ್ಲ. ಅಂಕಲ್ ಇಲ್ಲೇ ಮಲಗಿರಬೇಕು, ಇಬ್ಬರು ಗೈಡುಗಳಲ್ಲಿ ಒಬ್ಬ ಅವರ ಜೊತೆಗಿರುತ್ತಾನೆ, ತಲೆನೋವು ಹೆಚ್ಚಾದರೆ ತಕ್ಷಣ ಕೆಳಗಿಳಿಸುತ್ತಾರೆ ಎಂದ.

ಆಗ ನನ್ನ ಮನಸ್ಸಿಗೆ ಏನಾಯಿತು ಗೊತ್ತೇ? ಹಗುರವಾಯಿತು! ಎಂಥ ಒಳ್ಳೆಯ ನೆಪ!

"ನಿಮ್ಮನ್ನ ಬಿಟ್ಟು ನಾ ಹೆಂಗ ಹೋಗ್ಲಿ ಮಾಮಾ? ನಾನೂ ಇಲ್ಲೇ ಇರ್ತೀನ್ರಿ" ಎಂದೆ.

ಮಾಮಾ ನನ್ನನ್ನು ನೋಡಿದರು. ಮೋಟಾರಿನ ಮಾತಿಲ್ಲ, ನಗೆಯಿಲ್ಲ.

"ನನ್ನ ಹೆಸರ ಹೇಳಿ ಕುಂದ್ರಬ್ಯಾಡ. ನನಗ ಕಾಲ ಅವ, ದಮ್ಮಿಲ್ಲ. ನಿನಗ ಕಾಲೂ ಅವ, ದಮ್ಮೂ ಅದ. ಮತ್ತೇನು ಬೇಕು ನಿನಗ?"

ಹೀಗೆಂದು ಆ ಕಡೆ ಮಗ್ಗುಲಾದರು. ಸರೋವರ ನೋಡುವ ಆಸೆ ಅವರಿಗೂ ಎಷ್ಟಿತ್ತು ಎಂಬುದು ಆ ಬೆನ್ನು ನೋಡಿ ನನಗೆ ತಿಳಿಯಿತು. ನಾಚಿಕೆಯೂ ಆಯಿತು.

ಮರುದಿನ ಬೆಳಕು ಹರಿಯುತ್ತಲೇ ಹೊರಟೆವು. ಹಾದಿಗೆ ಅಡ್ಡ ಕೂಡುವವರು ಇರಲಿಲ್ಲ, ಆದರೂ ಎಲ್ಲರೂ ನನ್ನನ್ನು ಮುಂದೆ ಬಿಟ್ಟರು. ಕೊನೆಯ ಏರು ಬರೀ ಕಲ್ಲು. ಎರಡು ಸಲ ಕುಳಿತೆ. ಎರಡು ಸಲವೂ ಹಿಂದಿನವರು ಕುಳಿತರು. ಮೂರನೆಯ ಸಲ ಕೂಡಬೇಕೆನ್ನುವಾಗ ನೆಲ ಸಮವಾಯಿತು, ಎದುರಿಗೆ ಸರೋವರವಿತ್ತು. ದಂಡೆಯಲ್ಲಿ ಇನ್ನೂ ಕರಗದ ಹಿಮ, ನಡುವೆ ಕಡುನೀಲಿ ನೀರು, ಅದರಲ್ಲಿ ತಲೆಕೆಳಗಾದ ಬೆಟ್ಟ. ನಾನು ನನ್ನ ಎರಡು ಕಾಲಿನ ಮೇಲೆ ನಿಂತು ಜೋರಾಗಿ ಅತ್ತೆ. ಶೇಂಗಾ ತಿನ್ನುತ್ತಾ ಪಕ್ಕದಲ್ಲಿ ಕೂಡುವವರು ಬೇಕಾಗಿತ್ತು.

ಇಳಿದು ಬರುವಾಗ ಮಧ್ಯಾಹ್ನ ಮೀರಿತ್ತು. ಮಾಮಾ ಡೇರೆಯ ಹೊರಗೆ ಕುಳಿತಿದ್ದರು. ಮುಖದಲ್ಲಿ ಗೆಲುವಿತ್ತು, ತಲೆನೋವು ಇಳಿದಿತ್ತು. ಪಕ್ಕದಲ್ಲಿ ಹಬೆಯಾಡುವ ಬಕೀಟು. ಒಲೆಯ ನೀರನ್ನೆಲ್ಲ ಕಸಿದುಕೊಂಡರೆಂದು ಅಡಿಗೆಯವನು ದೂರ ನಿಂತು ಗೊಣಗುತ್ತಿದ್ದ.

"ಬೂಟು ಬಿಚ್ಚು" ಎಂದರು.

ಬೊಬ್ಬೆ ಎದ್ದಿದೆಯೋ ನೋಡುತ್ತಾರೆಂದುಕೊಂಡೆ. ಅವರು ಮೊಣಕಾಲೂರಿ, ತಂಬಿಗೆಯಿಂದ ನನ್ನ ಎಡಗಾಲಿನ ಮೇಲೆ ಬಿಸಿನೀರು ಹುಯ್ಯತೊಡಗಿದರು. ನಮ್ಮ ಕಡೆ ಕ್ಷೇತ್ರಕ್ಕೆ ನಡೆದು ಹೋಗಿ ಬಂದವರ ಪಾದ ತೊಳೆದು ನಮಸ್ಕಾರ ಮಾಡುತ್ತಾರೆ. ಪ್ರತಿ ವರ್ಷ ಮಾಮಾನ ಪಾದವನ್ನು ನಾವು ತೊಳೆಯುತ್ತಿದ್ದೆವು. ಈಗ ಸೋದರಮಾವ ಸೊಸೆಯ ಕಾಲು ತೊಳೆಯುವುದೆಂದರೆ!

"ಮಾಮಾ, ಬಿಡ್ರಿ! ಏನ್ ಮಾಡಾಕತ್ತೀರಿ?"

"ಸುಮ್ನಿರು. ಹೋಗಿ ಬಂದಾಕಿ ನೀನು. ಇದರಾಗ ಸಣ್ಣವರು ದೊಡ್ಡವರು ಇಲ್ಲ."

ಹೆಗಲ ಮೇಲಿನ ಟವೆಲಿನಿಂದ ಒರೆಸಿದರು. ರಾಡು ಇರುವ ಜಾಗದ ಮೇಲೆ ಕೈ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬಾಗಿ ಪಾದಕ್ಕೆ ಹಣೆ ಹಚ್ಚಿದರು. ಎರಡು ವರ್ಷದಿಂದ ಆ ಕಾಲನ್ನು ಮುಟ್ಟಿದವರೆಲ್ಲ ನೋಯುತ್ತದೆಯೇ ಎಂದು ಕೇಳಿದ್ದರು. ಮಾಮಾ ತಲೆಯೆತ್ತಿ ಕೇಳಿದ್ದು ಬೇರೆ.

"ಸರೋವರದ ನೀರು ಹೆಂಗಿತ್ತವ್ವಾ?"

"ಹೇಳಾಕ ಬರಂಗಿಲ್ರಿ" ಎಂದೆ, ಅವರ ಎರಡೂ ಕೈ ಹಿಡಿದುಕೊಂಡು. "ಬರೋ ವರ್ಷ ನಾನೇ ನಿಮ್ಮನ್ನ ಕರ್ಕೊಂಡ್ ಹೋಗ್ತೀನ್ರಿ ಮಾಮಾ."