ಕಾಫಿ ತರಬಾರದ ಕೋಣೆ

ಸ್ವಂತ ಹುಟ್ಟುಹಬ್ಬ ಮರೆತವನಿಗೆ ಬರ್ಲಿನ್ನಿನ ಪ್ರಯೋಗಶಾಲೆಗಳಲ್ಲಿ ಮಾಫಿ ಇಲ್ಲ. ಹುಟ್ಟಿದವನೇ ಕೇಕು ತರಬೇಕು, ಹುಟ್ಟಿದವನೇ ಹಂಚಬೇಕು. ವೀಲಾಂಡ್ ಆ ದಿನ ಬರಿಗೈಯಲ್ಲಿ ಬಂದ.

ಪಾಪ, ಅವನ ತಲೆಯಲ್ಲಿದ್ದ ಚಿಂತೆಯೇ ಬೇರೆ. ಮೂರು ಗಂಟೆಗೆ ಅವನ ಕೆಲಸ ಪರೀಕ್ಷಿಸಲು ಪ್ರೊಫೆಸರ್ ಹಾನೆಬುಟ್ ಮೇಡಂ ಬರುವವರಿದ್ದರು. ಅಕ್ಕಿಕಾಳಿಗಿಂತ ಸಣ್ಣ ಅರೆವಾಹಕದ ಚೂರು, ಅದರೊಳಗೆ ಒಂದರ ಮೇಲೊಂದು ನೂರಾರು ತೆಳು ಪದರ. ಕರೆಂಟು ಕೊಟ್ಟರೆ ಸೆಕೆಂಡಿಗೆ ನೂರಾರು ಕೋಟಿ ಸಲ ಮಿಡಿಯುತ್ತದೆ, ಆದರೆ ತಾಳ ತಪ್ಪಿ. ಆ ತಾಳ ಹಿಡಿದು ನಿಲ್ಲಿಸಲೆಂದೇ ವೀಲಾಂಡ್ ಮೂರು ವರ್ಷ ಕೂತು ಒಂದು ನಿಯಂತ್ರಕ ಡಬ್ಬಿ ಕಟ್ಟಿದ್ದ. ಪರದೆಯ ಮೇಲೆ ಆ ಮಿಡಿತದ ಅಲೆ ಹತ್ತು ನಿಮಿಷ ಕದಲದೆ ನಿಂತರೆ ಇನ್ನೊಂದು ವರ್ಷ ನೌಕರಿ. ಇಲ್ಲದಿದ್ದರೆ ತಿಂಗಳ ಕೊನೆಗೆ ಗಂಟುಮೂಟೆ ಕಟ್ಟುವುದೇ.

ಬೆಳಗಿನಿಂದ ಅಲೆ ಸಂತೆಗೆ ಎಳೆದುಕೊಂಡು ಹೊರಟ ಮೇಕೆಯ ಹಾಗೆ ಜಗ್ಗಾಡುತ್ತಿತ್ತು.

"ಕೇಕೆಲ್ಲಪ್ಪಾ?" ವರ್ಕ್‌ಶಾಪಿನ ಗುಡ್ರುನ್ ಬಾಗಿಲಲ್ಲಿ ಇಣುಕಿದಳು.

"ಮರೆತೆ ಮಾರಾಯ್ತಿ. ಬಾಗಿಲ ಮೇಲಿನ ಚೀಟಿ ಓದು. ಒಳಗೆ ಕಾಫಿ ತರಬಾರದು. ಕೇಕೂ ಅಷ್ಟೇ."

"ಮೂವತ್ತೆರಡಾಯ್ತು, ಇನ್ನೂ ಬುದ್ಧಿ ಬರ್ಲಿಲ್ಲ ನಿಂಗೆ!"

ಅವಳು ಹೋದಳು, ಪಕ್ಕದ ಕೋಣೆಯ ಓಟೊಕಾರ್ ಬಂದ. "ಏನಯ್ಯಾ ಈ ಉಬ್ಬೆ! ಗಾಳಿ ಆಡ್ಬೇಕು, ಗಾಳಿ!" ಎಂದು ಕಿಟಕಿ ತೆರೆದೇಬಿಟ್ಟ. ಚಳಿಗಾಳಿ ನುಗ್ಗಿದ್ದೇ ತಡ, ಅಲೆ ಪರದೆಯಿಂದಲೇ ನಾಪತ್ತೆ. ವೀಲಾಂಡ್ ಅವನನ್ನು ದಬ್ಬಿ, ಕಿಟಕಿ ಮುಚ್ಚಿ, ದೇವರ ಮೇಲೆ ಭಾರ ಹಾಕಿ ಪ್ರೊಫೆಸರರನ್ನು ಕರೆತರಲು ಗೇಟಿಗೆ ಓಡಿದ.

ತಿರುಗಿ ಬಂದು ನೋಡಿದರೆ ಕೋಣೆ ತುಂಬ ಜನ! ಮೂಲೆಯಲ್ಲಿ ಕಾಫಿ ಯಂತ್ರ ಗೊರಗುಡುತ್ತಿದೆ. ಗುಡ್ರುನ್ ಪ್ಲಮ್ ಕೇಕು ಹಿಡಿದು ನಿಂತಿದ್ದಾಳೆ.

"ನೀನು ಬೆಂಚು ಬಿಟ್ಟು ಬರಲ್ಲ. ಅದಕ್ಕೆ ಹುಟ್ಟುಹಬ್ಬಾನೇ ಇಲ್ಲಿಗೆ ತಂದ್ವಿ!"

ವೀಲಾಂಡ್ ಎಲ್ಲರನ್ನೂ ಸರಿಸಿಕೊಂಡು ಮುಂದೆ ನುಗ್ಗಿದ. ಹೆದರುತ್ತಲೇ ಪರದೆ ನೋಡಿದ. ಅಲೆ ನಿಂತಿತ್ತು! ಹತ್ತು ನಿಮಿಷವಲ್ಲ, ಪ್ರೊಫೆಸರರು ಎರಡು ತುಂಡು ಕೇಕು ಮುಗಿಸುವವರೆಗೂ ನಿಂತಿತ್ತು.

"ಭೇಷ್! ಏನು ಡಬ್ಬಿ ರೀ ನಿಮ್ದು!" ಎಂದರು ಪ್ರೊಫೆಸರರು.

ವೀಲಾಂಡ್ ಹೆಮ್ಮೆಯಿಂದ ಡಬ್ಬಿಯತ್ತ ತಿರುಗಿದ. ಅದರ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಆ ಜಾಗದಲ್ಲಿ ಕಾಫಿ ಯಂತ್ರದ ಪ್ಲಗ್ಗು ಸುಖವಾಗಿ ಕೂತಿತ್ತು.

ಸುಮ್ಮನಿದ್ದರೆ ಒಂದು ವರ್ಷ ಗ್ಯಾರಂಟಿ. ಆದರೆ ಬಾಯಿ ಕೇಳಬೇಕಲ್ಲ? "ಮೇಡಂ, ಡಬ್ಬಿಗೆ ಕರೆಂಟೇ ಇಲ್ಲ," ಎಂದುಬಿಟ್ಟ.

ಪ್ರೊಫೆಸರರು ಎದ್ದು ಕಾಫಿ ಯಂತ್ರ ಆರಿಸಿದರು. ಅಲೆ ಕುಣಿಯಿತು. ಹಚ್ಚಿದರು. ನಿಂತಿತು. ಅವರು ಹೊಟ್ಟೆ ಹಿಡಿದು ನಕ್ಕರು.

"ನಿಜ ಹೇಳಿದ್ರಲ್ಲ, ನಿಮ್ಗೆ ಒಂದು ವರ್ಷ ಕೊಟ್ಟೆ. ಇದ್ಯಾಕೆ ಹೀಗೆ ಅಂತ ಕಂಡುಹಿಡೀರಿ. ಆದ್ರೆ ಅಲ್ಲೀವರೆಗೆ ಈ ಕೋಣೆಯಿಂದ ಒಂದು ವಸ್ತೂ ಕದಲಬಾರ್ದು. ಆ ಯಂತ್ರ ದಿನಾ ಓಡ್ತಾ ಇರ್ಬೇಕು."

"ಅಂದ್ರೆ ನಾಳೆಯಿಂದ ಎಲ್ರ ಕಾಫೀನೂ ಇಲ್ಲೇ!" ಎಂದ ಓಟೊಕಾರ್, ಕಿಟಕಿಯತ್ತ ಕೈ ಚಾಚುತ್ತ.

ಗುಡ್ರುನ್ ಉಳಿದ ಕೇಕನ್ನು ಮೂರು ವರ್ಷದ ಡಬ್ಬಿಯ ಮೇಲಿಟ್ಟಳು. "ಅಂತೂ ಉಪಯೋಗಕ್ಕೆ ಬಂತು," ಎಂದಳು.

ವೀಲಾಂಡ್ ಬಾಗಿಲಿಗೆ ಹೋಗಿ ಚೀಟಿಯನ್ನು ತಾನೇ ಕಿತ್ತ.