ಹುಣಸೆ ನೀರಿನಲ್ಲಿ ಹದಿನಾರು ಕೋಟಿ ವರ್ಷ

ಮೋಟುಗೋಡೆಯ ಮೇಲೆ ಇಟ್ಟಿದ್ದ ಕಲ್ಲು ಬೆಳಿಗ್ಗೆ ನೋಡಿದರೆ ಅಲ್ಲಿರಲಿಲ್ಲ.

ಅದೇನು ಅಂಥಿಂಥ ಕಲ್ಲೇ? ಹದಿನಾರು ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಹರಿದಾಡಿಕೊಂಡಿದ್ದ ಬಸವನಹುಳು, ಚಿಪ್ಪಿನ ಸಮೇತ ಕಲ್ಲಾದದ್ದು. ಬ್ಯಾಡಗಿಯಿಂದ ಗುಜರಾತಿನ ಕಚ್ಛಿನವರೆಗೆ ಮೆಣಸಿನಕಾಯಿ ಹೇರಿಕೊಂಡು ಹೋಗುವ ಲಾರಿ ಡ್ರೈವರ್ ರಫೀಕ್ ಅಲ್ಲೆಲ್ಲೋ ಪಂಚರ್ ಆದಾಗ ಗಾಲಿಗೆ ಅಡ್ಡ ಕೊಡಲು ಎತ್ತಿಕೊಂಡು, ಹಾಗೇ ರಾಣೇಬೆನ್ನೂರಿನ ತನಕ ತಂದಿದ್ದ. ಅವನಿಗೆ ಬೇರೊಂದು ಕಲ್ಲು ಕೊಟ್ಟು, ಇದನ್ನು ಎದೆಗವಚಿಕೊಂಡು ಮನೆಗೆ ತಂದವನು ಹಾಲೇಶಪ್ಪ.

ಹಾಲೇಶಪ್ಪ ಕಾಲೇಜಿನಲ್ಲಿ ಭೂವಿಜ್ಞಾನದ ಅತಿಥಿ ಉಪನ್ಯಾಸಕ. ಆರು ವರ್ಷದಿಂದ ಅತಿಥಿಯೇ. ಇಷ್ಟು ದಿನ ಯಾವ ಬೀಗರೂ ಉಳಿಯುವುದಿಲ್ಲ ಬಿಡಿ. ವೇಳಾಪಟ್ಟಿಯಲ್ಲಿ ಪಾಪ, ಅವನ ಹೆಸರಿಲ್ಲ, ‘ಅತಿಥಿ-3’ ಎಂದಷ್ಟೇ ಇದೆ. ಹಾಗಾಗಿ ಆ ಹುಳುವನ್ನು ಕಂಡಾಗಿನಿಂದ ಅವನಿಗೆ ಒಂದೇ ಕನಸು: ಇದು ಯಾರೂ ಕಾಣದ ಹೊಸ ಪ್ರಭೇದವಾಗಬೇಕು, ಅದಕ್ಕೆ ತನ್ನ ಹೆಸರು, ಲ್ಯಾಟಿನ್ ಬಾಲ ಹಚ್ಚಿಕೊಂಡು, ಬೀಳಬೇಕು. ಹಾಲೇಶಪ್ಪಿ! ಪಾಠ ಮಾಡುತ್ತ ಮಾಡುತ್ತಲೇ ಅವನು ಕಿಟಕಿಯಾಚೆ ನೋಡಿಕೊಂಡು ನಿಂತುಬಿಡುತ್ತಿದ್ದ. ಬಸ್‌ಸ್ಟ್ಯಾಂಡ್ ಮುಳುಗಿ, ಬೀಜದಂಗಡಿಗಳ ಬೋರ್ಡುಗಳು ಮುಳುಗಿ, ಊರ ತುಂಬ ನೀಲಿ ನೀರು ಮೆಲ್ಲಗೆ ತೂಗುತ್ತಿತ್ತು. ತಳದ ಮರಳಿನಲ್ಲಿ ಹಾಲೇಶಪ್ಪಿ ಯಾವ ಅವಸರವೂ ಇಲ್ಲದೆ ಎಲ್ಲಿಗೋ ಹೊರಟಿರುತ್ತಿತ್ತು. ಗಂಟೆ ಹೊಡೆದು ಹುಡುಗರೆಲ್ಲ ಎದ್ದು ಹೋದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ತೊಡಕು ಒಂದೇ. ಹುಳುವಿನ ಕುಲ ಯಾವುದೆಂದು ತಿಳಿದಿತ್ತು, ಪ್ರಭೇದ ತಿಳಿದಿರಲಿಲ್ಲ. ಅದಕ್ಕೆ ಸುರುಳಿಯ ಮೇಲಿನ ಗೆರೆಗಳನ್ನೂ ಬಾಯಿಯ ಅಂಚನ್ನೂ ನೋಡಬೇಕು; ಎರಡರ ಮೇಲೂ ಸುಣ್ಣಕಲ್ಲು ದಪ್ಪಗೆ ಮೆತ್ತಿಕೊಂಡಿತ್ತು. ಇಂಥ ಹುಳುಗಳನ್ನೇ ಓದಿ ತಲೆ ಬೆಳ್ಳಗಾಗಿಸಿಕೊಂಡ ಧಾರವಾಡದ ಅರುಣಾ ಮೇಡಂ ಇವತ್ತು ದಾವಣಗೆರೆಗೆ ಹೋಗುವ ದಾರಿಯಲ್ಲಿ, ಹನ್ನೊಂದಕ್ಕೆ ಬಂದು ನೋಡುವವರಿದ್ದರು. ಈಗ ಹತ್ತೂವರೆ. ಕಲ್ಲೇ ಇಲ್ಲ!

ಹಾಲೇಶಪ್ಪ ಬನಿಯನ್ನಿನಲ್ಲೇ ಓಣಿಗೆ ಓಡಿದ. ತಿರುವಿನಲ್ಲಿ ರಫೀಕನ ಲಾರಿ ಚೀಲ ಹೇರಿಕೊಂಡು ನಿಂತಿತ್ತು. ಗಾಲಿಯ ಕೆಳಗೆ ದುಂಡನೆಯದೊಂದು ಕಲ್ಲು. “ಅಯ್ಯೋ, ವಾಪಸ್ ಒಯ್ದಾನ!” ಎಂದು ಹಾಲೇಶಪ್ಪ ಬಗ್ಗಿ ಎರಡೂ ಕೈಯಿಂದ ಎಳೆದ. ಎಳೆದ ಮೇಲೆ ನೋಡಿದರೆ, ತಾನೇ ಕೊಟ್ಟ ಬೇರೆ ಕಲ್ಲು.

ಲಾರಿಯ ಹ್ಯಾಂಡ್‌ಬ್ರೇಕ್ ಯಾವಾಗಲೋ ತೀರಿಹೋಗಿತ್ತು. ಅದು ನಿಧಾನಕ್ಕೆ, ಹೋಗಲೋ ಬೇಡವೋ ಎಂದು ಯೋಚಿಸುತ್ತ ಇಳಿಜಾರಿನಲ್ಲಿ ಜಾರಿ, ಕರೆಂಟ್ ಕಂಬಕ್ಕೆ ಹಣೆ ಹಚ್ಚಿ ನಿಂತಿತು. ಎರಡು ಚೀಲ ಉರುಳಿ ಒಡೆದವು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಮ್ಮಿ ಎನ್ನುವವರು ಅದರ ಘಾಟು ಕುಡಿದು ನೋಡಬೇಕು. ಓಣಿಗೆ ಓಣಿಯೇ ಸೀನತೊಡಗಿತು.

“ಮಾಸ್ತರ್ರ... ಅಕ್ಷೀ! ನಿಮ್ಮ ಹುಳದ ಸಲುವಾಗಿ ನನ್ನ ಲಾರಿ ಹೊಂಟು... ಅಕ್ಷೀ! ಹೋಗಿತ್ತಲ್ರಿ!” ಎಂದು ರಫೀಕ್ ಚಹಾದ ಲೋಟ ಹಿಡಿದುಕೊಂಡೇ ಓಡಿಬಂದ.

ಗದ್ದಲ ಕೇಳಿ ಮನೆಯ ಒಡತಿ ಚೌಡವ್ವ ಮೂಗಿಗೆ ಸೆರಗು ಹಿಡಿದು ಹೊರಗೆ ಬಂದಳು. ಎರಡು ವರ್ಷದಿಂದ ಹಾಲೇಶಪ್ಪ ಬಾಡಿಗೆಗೆ ಇದ್ದದ್ದು ಅವಳ ಮನೆಯ ಮೇಲಿನ ಖೋಲಿಯಲ್ಲಿ.

“ಯಾಕೋ ಮಾಸ್ತರ, ಮಾರಿ ಹಂಗ್ಯಾಕ ಮಾಡ್ಕೊಂಡಿ?”

“ಅವ್ವಾ, ಮೋಟುಗ್ವಾಡಿ ಮ್ಯಾಲೆ ನಂದೊಂದು ಕಲ್ಲಿತ್ತು...”

“ಕಲ್ಲೆಲ್ಲೀದೋ? ಶಂಖ ಅದು! ಮಣ್ಣು ಮೆತ್ತಿ ಹೊಲಸಾಗಿತ್ತು. ದೇವರ ಸಾಮಾನಿನ ಜೋಡಿ ನಿನ್ನೆ ಸಂಜೀಕ ಹುಣಸಿಹಣ್ಣಿನ ನೀರಾಗ ಹಾಕೇನಿ. ಈಗ ನಾರು ತಗೊಂಡು ತಿಕ್ಕಾಕತ್ತೇನಿ.”

ಹುಳಿ ಸುಣ್ಣಕಲ್ಲನ್ನು ತಿನ್ನುತ್ತದೆಂದು ವರ್ಷವರ್ಷವೂ ಹುಡುಗರಿಗೆ ಹೇಳಿಕೊಡುವವನು ಹಾಲೇಶಪ್ಪನೇ. ಹಿತ್ತಲಿನ ಬೋಗುಣಿಯ ಕಂದು ನೀರು ಅವನ ಕಣ್ಣೆದುರು ಸಮುದ್ರದಷ್ಟಗಲ ಹರಡಿತು. ಅದರಲ್ಲಿ ಅವನ ಹೆಸರು ಒಂದೊಂದೇ ಅಕ್ಷರ ಕರಗಿ ತೇಲಿಹೋಗುತ್ತಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟ.

ಅಷ್ಟರಲ್ಲಿ ಕಾರು ಬಂತು. ಅರುಣಾ ಮೇಡಂ ಸೀನುತ್ತಲೇ ಇಳಿದರು. ಹಾಲೇಶಪ್ಪ ಬಾಯಿ ತೆರೆಯುವ ಮೊದಲೇ ಚೌಡವ್ವ ತೊಳೆದ ಶಂಖವನ್ನು ತಂದು ಅವರ ಕೈಗಿಟ್ಟಳು. ಮೇಡಂ ಭೂತಗನ್ನಡಿ ಹಿಡಿದು ನೋಡಿದರು. ತಿರುಗಿಸಿ ತಿರುಗಿಸಿ ನೋಡಿದರು. ಅವರ ಸೀನು ನಿಂತುಹೋಯಿತು.

“ಹುಳಿ ಬರೇ ಮ್ಯಾಲಿನ ಸುಣ್ಣ ತಿಂದೈತಿ, ಚಿಪ್ಪು ಬೆಣಚಕಲ್ಲಾಗಿತ್ತು, ಗಾಜಿನಂಗ ಗಟ್ಟಿ ಉಳದೈತಿ. ಗೆರಿ ಎರಡೆರಡು ಜೋಡಿ, ಬಾಯಾಗ ಮೂರು ಹಲ್ಲು! ಇಂಥಾದ್ದು ಇಲ್ಲೀತನಕ ಯಾರೂ ಬರದಿಲ್ಲ. ಇದು ಹೊಸಾದು. ಸಿಕ್ಕ ಜಾಗ ಗೊತ್ತೈತೇನ್ರಿ?”

“ಗೊತ್ತಿಲ್ದ ಏನ್ರಿ, ಪಂಚರ್ ಆದ ಜಾಗ ಡ್ರೈವರ್ ಸಾಯೋಮಟ ಮರೆಯಂಗಿಲ್ಲ” ಎಂದ ರಫೀಕ್.

ಹಾಲೇಶಪ್ಪ ಕಣ್ಣೊರೆಸಿಕೊಂಡು, ನಾಚಿಕೆಯಿಂದ ಕೇಳಿದ: “ಮೇಡಂ, ಹೆಸರು...?”

“ಇದರ ಮ್ಯಾಲೆ ಲೇಖನ ಬರಿಯೋರು ನೀವ, ಹೆಸರಿಡೋರೂ ನೀವ. ಆದ್ರ ತಮ್ಮ ಹೆಸರ ತಾವ ಇಟ್ಕೊಳ್ಳೋ ಪದ್ಧತಿ ನಮ್ಮಾಗಿಲ್ರಿ. ಮಂದಿ ನಗ್ತಾರ. ಇದನ್ನ ಬೆಳಕಿಗೆ ತಂದಾಕಿ ಈ ಅವ್ವ. ಅವರ ಹೆಸರ ಇಡ್ರಿ.”

“ಹುಳಕ್ಕ ನನ್ನ ಹೆಸರಾ?” ಚೌಡವ್ವ ಹೌಹಾರಿದಳು. “ಓಣ್ಯಾಗಿನ ಹೆಣ್ಮಕ್ಕಳು ಬಿದ್ದು ಬಿದ್ದು ನಗ್ತಾರ. ಬ್ಯಾಡವಾ! ಮಾಸ್ತರನ ಹೆಸರ ಇಡ್ರಿ, ಪಾಪ, ಅಳಾಕತ್ತಾನ.”

“ಅದ ಆಗಂಗಿಲ್ಲವ್ವ. ಜಗತ್ತು ಇರೋತನಕ ಉಳಿಯೋ ಹೆಸರಿದು.”

ಚೌಡವ್ವ ಮೇಡಂ ಅವರ ಕೈ ಹಿಡಿದು ಪಡಸಾಲೆಗೆ ಕರೆದೊಯ್ದು, ಹಾರ ಹಾಕಿದ ಫೋಟೋ ತೋರಿಸಿದಳು. “ಹಂಗಾರ ನಮ್ಮನಿಯವರ ಹೆಸರ ಇಡ್ರಿ. ಅವರ ಹೆಸರ ಹೇಳಾಕ ಈಗ ಯಾರೂ ಉಳದಿಲ್ಲ. ನಾ ಅಂತೂ ಬಾಯಿಲೆ ಹೇಳಂಗಿಲ್ಲ. ಕೆಳಗ ಬರದೈತಿ ನೋಡ್ರಿ, ಓದ್ಕೋರಿ.”

ಮೇಡಂ ಕನ್ನಡಕ ಏರಿಸಿ ಓದಿದರು: “ಕೈಲಾಸವಾಸಿ ಹಾಲೇಶಪ್ಪ.”

ಚೌಡವ್ವ ಎರಡು ವರ್ಷದಲ್ಲಿ ಒಮ್ಮೆಯೂ ತನ್ನನ್ನು ಹೆಸರು ಹಿಡಿದು ಕರೆಯದೆ ಮಾಸ್ತರ, ಮಾಸ್ತರ ಎನ್ನುವುದು ತನ್ನ ವಿದ್ಯೆಗೆ ಕೊಟ್ಟ ಮರ್ಯಾದೆಯೆಂದೇ ಹಾಲೇಶಪ್ಪ ತಿಳಿದಿದ್ದ.

“ಹಾಲೇಶಪ್ಪಿ! ಛಲೋ ಕೂಡ್ತೈತಿ” ಎಂದರು ಮೇಡಂ. “ಆದ್ರ ಲೇಖನದಾಗ ಒಂದು ಮಾತು ಸ್ಪಷ್ಟ ಬರೀಬೇಕು ನೋಡ್ರಿ, ಇದು ಯಾರ ಹೆಸರಂತ. ಇಲ್ಲಾಂದ್ರ ಓದಿದೋರು ತಪ್ಪು ತಿಳ್ಕೋತಾರ.”

ಚೌಡವ್ವ ಫೋಟೋದ ಮುಂದೆ ಕೈ ಮುಗಿದು ನಿಂತಿದ್ದಳು. ಹಾಲೇಶಪ್ಪ ಅವಳನ್ನೊಮ್ಮೆ ನೋಡಿ ಪೆನ್ನು ತೆಗೆದ. ಅಲ್ಲೇ ಕೂತು ತನ್ನ ಕೈಯಾರೆ ಬರೆದ: ‘ಈ ಪ್ರಭೇದಕ್ಕೆ ಶ್ರೀಮತಿ ಚೌಡವ್ವನವರ ಪತಿ ದಿವಂಗತ ಹಾಲೇಶಪ್ಪನವರ ಹೆಸರನ್ನು ಇಡಲಾಗಿದೆ. ಈ ಹೆಸರಿಗೂ ಲೇಖಕನಿಗೂ ಯಾವ ಸಂಬಂಧವೂ ಇಲ್ಲ.’